ಅರ್ಧ ಮುಚ್ಚಳ

ಮಂಗಳವಾರ ಇದಿನಬ್ಬನ ಬೈಕು
ಹುಲಿಕಲ್ ಘಾಟಿ ಹತ್ತಿ ರಿಪ್ಪನ್‌ಪೇಟೆ ಮುಟ್ಟುವ ಹೊತ್ತಿಗೆ
ಐಸು ಅರ್ಧ ನೀರಾಗಿರುತ್ತದೆ.
ಪೋಂ ಎಂದರೆ ಸಾಕು,
ಕೇರಿಯವರು ತಟ್ಟೆ ಹಿಡಿದು ಬರುತ್ತಾರೆ,
ನಾನು ಬಕೆಟ್ಟು.

'ಮೀನು ಬೇಡ, ಮೀನಿನ ಕಸ ಬೇಕು,
ಎಂತ ಗಿರಾಕಿ ಮಾರಾಯ್ತಿ ನೀನು' ಅನ್ನುತ್ತಲೇ
ತಲೆ, ಕರುಳು, ಬಾಲ, ಮಿರುಗುವ ಹುರುಪೆ
ಎಲ್ಲ ಸುರಿಯುತ್ತಾನೆ.
ಬೂತಾಯಿ.
ಹೆಸರಲ್ಲೇ ಇದೆಯಲ್ಲ
ಅದು ಕೊನೆಗೆ ಹೋಗಿ ಸೇರಬೇಕಾದ ಊರು.

ತೂಕಕ್ಕೆ ತೂಕ ಬೆಲ್ಲ,
ಗೋಣಿಯ ತಳದಲ್ಲಿ ಕರಗಿ
ಯಾರೂ ಕೊಳ್ಳದೆ ಉಳಿದ ಆಲೆಮನೆಯ ಕರಿಬೆಲ್ಲ.
ಒಂದು ಪದರ ಅದು, ಒಂದು ಪದರ ಇದು,
ಡ್ರಮ್ಮಿನ ಬಾಯಿಗೆ ನನ್ನ ಹಳೇ ಸೀರೆಯ ತುಂಡು, ಮೇಲೊಂದು ಹುರಿ.
ಮೊದಲ ವಾರ ಪಕ್ಕದ ಮನೆಯ ವಿಶಾಲಾಕ್ಷಿ ಟೀಚರು
ಕಿಟಕಿ ಹಾಕಿಕೊಂಡರು.
ಎರಡನೇ ವಾರ ಊರ ಬೆಕ್ಕುಗಳೆಲ್ಲ ಸಭೆ ಸೇರಿದವು.
ಇಪ್ಪತ್ತೊಂದನೇ ದಿನ ಬಟ್ಟೆ ಸರಿಸಿದರೆ
ನಾತವೇ ಇಲ್ಲ!
ಹಲಸು ಬಿಡಿಸಿದ ಕೈಯ ವಾಸನೆ,
ತುಡುವೆ ಜೇನಿನ ಬಣ್ಣ.
ಸತ್ತದ್ದು ಸಿಹಿಯ ಜೊತೆ ಕತ್ತಲಲ್ಲಿ ಕೂತು
ಏನು ಮಾತಾಡಿಕೊಂಡಿತೋ.

ನವಿಲೆಯ ತರಬೇತಿಯಲ್ಲಿ
ಕನ್ನಡಕದ ಹುಡುಗಿ ಸರಿಯಾಗೇ ಹೇಳಿದ್ದಳು:
'ಇದು ಗೊಬ್ಬರ ಅಲ್ಲ ಅಮ್ಮ, ಊಟ ಅಲ್ಲ.
ಮಲಗಿದ ಬೇರನ್ನು ಮೆಲ್ಲಗೆ ಹೆಸರು ಹಿಡಿದು ಕರೆಯೋದು, ಅಷ್ಟೇ.
ಲೀಟರು ನೀರಿಗೆ ಅರ್ಧ ಮುಚ್ಚಳ,
ತಿಂಗಳಿಗೆ ಎರಡು ಸಲ, ಇಳಿಹೊತ್ತಿನಲ್ಲಿ.'

ಅರ್ಧ ಮುಚ್ಚಳ!
ಬಡಿಸುವ ಕೈ ಕೇಳಬೇಕಲ್ಲ.
ಭೂಮಿ ಹುಣ್ಣಿಮೆಗೆ ಬಸುರಿ ಗದ್ದೆಯ ಬಯಕೆ ತೀರಿಸಲು
ಬುಟ್ಟಿ ಹೊತ್ತು ಹೋಗುವ ಮಂದಿ ನಾವು,
ನಮಗೆ ಬುಟ್ಟಿಯ ಲೆಕ್ಕ ಗೊತ್ತು, ಮುಚ್ಚಳದ್ದಲ್ಲ.
ಆರು ಗುಂಟೆ ನೆಲಬೇವಿಗೆ
ವಾರ ವಾರ ಸೌಟು ಸೌಟು ಹೊಯ್ದೆ.

ಏನು ಬೆಳೆಯಿತು ಅಂತೀರಿ!
ನನ್ನ ಸೊಂಟ ಮುಟ್ಟುವ ಗಿಡ, ಬೆರಳುದ್ದ ಎಲೆ,
ಹಸಿರೋ ಹಸಿರು.
ದಾರಿಹೋಕರು ಗಾಡಿ ನಿಲ್ಲಿಸಿ
'ಇದ್ಯಾವ ಸೊಪ್ಪು, ಸಾರಿಗೆ ಬರುತ್ತಾ' ಎಂದು ಕೇಳಿದರು.
ಬೀಗಿತ್ತಿಯ ಹಾಗೆ ನಕ್ಕೆ.

ಶಿವಮೊಗ್ಗದ ಗ್ರಂಧಿಗೆ ಅಂಗಡಿಯ ಚನ್ನವೀರ ಶೆಟ್ಟರು
ಬಂದವರು ತಕ್ಕಡಿ ಇಳಿಸಲಿಲ್ಲ.
ಒಂದೆಲೆ ಕಿತ್ತು
ಮುಂಬಲ್ಲಲ್ಲಿ ಕಡಿದರು.
ಕಾದೆ.
ಅವರು ಮುಖ ಕಿವುಚಲಿಲ್ಲ.
ಅಲ್ಲೇ ನನ್ನ ಎದೆ ಧಸಕ್ಕೆಂದಿತು.

'ಗುತ್ಯಮ್ಮ, ಇದು ಕಷ್ಟ ಕಂಡ ಗಿಡವೇ ಅಲ್ಲ.
ಕಹಿ ಎಲ್ಲಿಂದ ಬರಬೇಕು?'

ಆಮೇಲೆ ಬೇಲಿಯ ಹತ್ತಿರ ಹೋದರು.
ಅಲ್ಲಿ ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ
ತಾನೇ ಬಿದ್ದು ತಾನೇ ಎದ್ದ ಏಳೆಂಟು ಗಿಡ,
ಮೊಳಕಾಲಿಗೂ ಬಾರದವು,
ನಾನು ಚೊಂಬು ತೊಳೆದು ಚೆಲ್ಲಿದ ನೀರನ್ನಷ್ಟೇ ಕಂಡವು.
ಅದರದ್ದೊಂದು ಎಲೆ ನನ್ನ ಕೈಗೇ ಕೊಟ್ಟರು.

ನಾಲಗೆ, ಗಂಟಲು, ಕಿವಿಯ ಒಳಗಿನ ಮೂಳೆ,
ಎಂದೋ ಆಡಿ ಮರೆತ ಒಂದು ಮಾತು,
ಎಲ್ಲ ಕಹಿ.

ಆರು ಗುಂಟೆ ಅರ್ಧ ಬೆಲೆಗೆ ಹೋಯಿತು.
ಕಲ್ಲಿನ ಸಂದಿಯವನ್ನು ಮಾರಲಿಲ್ಲ.
ಎಳ್ಳಿಗಿಂತ ಸಣ್ಣ ಬೀಜ, ಹಾರಿಹೋಗದ ಹಾಗೆ
ಉಸಿರು ಹಿಡಿದು ಒಕ್ಕಿದೆ.

ಎರಡು ಮಂಗಳವಾರ ಹಾರ್ನು ಕೇಳಲಿಲ್ಲ.
ಮೂರನೆಯದಕ್ಕೆ ಬಂದ ಇದಿನಬ್ಬ
ಕಣ್ಣು ಗುಳಿಬಿದ್ದು, ಜ್ವರ ಇನ್ನೂ ಮೈಬಿಡದೆ.
ಒಣಗಿಸಿಟ್ಟ ಒಂದು ಹಿಡಿ ಕುದಿಸಿ
ಅವನೆದುರು ಲೋಟ ಹಿಡಿದೆ.
ಕುಡಿದ.
ಹುಬ್ಬು, ಮೂಗು, ಗಡ್ಡ ಎಲ್ಲ ಒಂದೇ ಕಡೆ ಸೇರಿ
ಬ್ಯಾರಿಯಲ್ಲಿ ಏನೇನೋ ಬೈದ.
ಒಂದಕ್ಷರ ತಿಳಿಯಲಿಲ್ಲ,
ಇಡೀ ವರ್ಷ ಯಾರ ಮಾತೂ
ಅಷ್ಟು ಹಿತವಾಗಿರಲಿಲ್ಲ.

ಈಗ ಬಕೆಟ್ಟಲ್ಲ, ತೂತಿಲ್ಲದ ಹಳೇ ಡಬ್ಬಿ ಒಯ್ಯುತ್ತೇನೆ.
'ಎಂತ, ಇಷ್ಟೇ ಸಾಕಾ?' ಅನ್ನುತ್ತಾನೆ.
ಸೆರಗಿನ ತುದಿಯ ಗಂಟು ಮುಟ್ಟಿ ನೋಡಿಕೊಳ್ಳುತ್ತೇನೆ.
ಮುಚ್ಚಳ ಅಲ್ಲೇ ಇದೆ.
ಆದರೂ ಅವನು ಇನ್ನೊಂದು ಹಿಡಿ ತಲೆ ಹಾಕಿದರೆ
ಬೇಡ ಅನ್ನಲು ನನಗಿನ್ನೂ
ಬಾಯಿ ಬರುವುದಿಲ್ಲ.