ಹತ್ತು ಗಜದ ಸರಪಳಿ

ಒಗಲಾಲಾದ ಶುಕ್ರವಾರ ರಾತ್ರಿಗಳಲ್ಲಿ
ಅಂಚುಗೆರೆಯ ಆಚೆ ನಾವು ಮೂವರು ಮುದುಕರು.
ಈ ತುದಿಯ ಕೋಲು ನನ್ನದು, ಆ ತುದಿಯದು ಹಾರ್ಲನ್‌ನದು,
ನಡುವೆ ಹತ್ತು ಗಜದ ಸರಪಳಿ.
ಇದು ಎಷ್ಟನೇ ಯತ್ನ ಎಂದು ತೋರುವ ಫಲಕ ವೆಂಡೆಲ್‌ನ ಕೈಲಿ.
ಕಿತ್ತಳೆ ಬಣ್ಣದ ಅಂಗಿ, ಪುಕ್ಕಟೆ ಕಾಫಿ, ಕೈಯಳತೆಯಲ್ಲಿ ಆಟ.
ಟಿಕೆಟ್ ಕೊಂಡವರಿಗೆ ಚೆಂಡು ಕಾಣುತ್ತದೆ.
ನಮಗೆ ಉಸಿರು ಕೇಳುತ್ತದೆ.

ಹೊಸ ಸಹಾಯಕ ಕೋಚ್ ಬ್ರೆಂಟ್‌ಗೆ ಮೊದಲ ನಿಮಿಷದಿಂದಲೇ ಅವಸರ:
ಗುಂಪುಗೂಡಿ ಪಿಸುಗುಟ್ಟುವುದು ಬೇಡ,
ಬಿದ್ದಲ್ಲೇ ಎದ್ದು ಸಾಲು ಕಟ್ಟಿ, ಎಸೆಯಿರಿ, ಓಡಿ, ಮತ್ತೆ ಎಸೆಯಿರಿ!
ಕುಚೇರಾ, ಮೂವತ್ತು ವರ್ಷದ ಕೋಚು,
ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿ ಅಂದ:
"ಮೂರು ಸಲ ತಪ್ಪಿದರೆ ಒಂದು ನಿಮಿಷದೊಳಗೆ ಚೆಂಡು ಅವರದು.
ತಡೆಯುವ ನಮ್ಮ ಹುಡುಗರು ಈಗಷ್ಟೇ ಕೂತಿದ್ದಾರೆ,
ನೀರಿನ ಬಾಟಲಿ ಇನ್ನೂ ತುಟಿಗೆ ತಾಗಿಲ್ಲ.
ಅವರನ್ನು ಎಬ್ಬಿಸುವವನು ನೀನೋ?"

"ಮತ್ತೆ ಯಾವಾಗ?"

"ಗಡಿಯಾರ ನೋಡಬೇಡ.
ಗಡಿಯಾರ ನೋಡಿ ಓಡುವುದು ಸೋಲುವವರ ಓಟ,
ಕೊನೆಯ ಎರಡು ನಿಮಿಷಕ್ಕೆ ಅದು ಹೇಗೂ ಇದ್ದೇ ಇದೆ.
ಎದುರಿನವನ ಕೈ ನೋಡು.
ಸೊಂಟದ ಮೇಲಿದ್ದರೆ ಅವನಲ್ಲಿ ಇನ್ನೂ ಇದೆ.
ಮಂಡಿಗೆ ಬಂತೋ..."
ಉಳಿದದ್ದು ಸಿಪ್ಪೆಯ ಜೊತೆ ನೆಲಕ್ಕೆ ಬಿತ್ತು.

ಮೂರನೇ ಕಾಲಿನ ಆಟ. ಸಿಡ್ನಿಯವರು ನಾಲ್ಕು ಅಂಕ ಮುಂದೆ.
ಕಡಲಾಚೆಯ ಸಿಡ್ನಿಯಲ್ಲ,
ಇದೇ ಹೆದ್ದಾರಿಯಲ್ಲಿ ಪಡುವಣಕ್ಕೆ ಒಂದು ಗಂಟೆಯದು.
ಅವರ ಎಪ್ಪತ್ತೆರಡನೇ ನಂಬರು, ಫ್ರಿಜ್ಜಿನಷ್ಟು ಹುಡುಗ,
ಅಕ್ಟೋಬರಿನ ಚಳಿಯಲ್ಲಿ ಮೈಯಿಂದ ಹಬೆ ಏಳುತ್ತಿದೆ
ಆಗ ತಾನೇ ಮುಚ್ಚಳ ತೆಗೆದ ಅನ್ನದ ಹಾಗೆ.
ಅವನ ಕೈ ಮಂಡಿಗೆ ಬಂತು.
ಕುಚೇರಾ ಎರಡು ಬೆರಳೆತ್ತಿ ಗಾಳಿಯಲ್ಲಿ ಸುತ್ತಿದ, ನೂಲು ಸುತ್ತುವವನಂತೆ.

ಆಮೇಲೆ ಎಲ್ಲ ಒಂದೇ ಉಸಿರು:
ಎಜ್ರಾ ಕೂಗುತ್ತಾನೆ ಏನೋ ಬಣ್ಣ, ಏನೋ ಅಂಕಿ,
ಚೆಂಡು ಹೊರಟಿತು ಏಳು ಗಜ ಏಳಿ ಸಾಲು
ಚೆಂಡು ಹೊರಟಿತು ಐದು ಗಜ
ಸಿಡ್ನಿಯ ಬದಲಿ ಹುಡುಗ ಗೆರೆ ದಾಟಿ ಎರಡು ಹೆಜ್ಜೆ ಇಟ್ಟು
ತಿರುಗಿ ಓಡಿದ, ಬಸ್ಸು ತಪ್ಪಿದವನಂತೆ.
ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ.
ಅಂದವರು ಎಪ್ಪತ್ತೆರಡರ ಪಕ್ಕೆ ಏರಿಳಿಯುವುದನ್ನು ನೋಡಿರಲಿಲ್ಲ.

ಇಷ್ಟಕ್ಕೆಲ್ಲ ನಾವೂ ಓಡಬೇಕು,
ಇದನ್ನು ಯಾವ ಕೋಚೂ ತನ್ನ ಹಾಳೆಯಲ್ಲಿ ಬರೆದುಕೊಳ್ಳುವುದಿಲ್ಲ.
ಹತ್ತು ಗಜ ಗೆದ್ದಾಗಲೆಲ್ಲ ಸರಪಳಿ ಹೊತ್ತ ಮೂವರು ಅಜ್ಜಂದಿರು.
ಹಾರ್ಲನ್‌ನ ಒಂದು ಮಂಡಿ ಲೋಹದ್ದು.
ನಮ್ಮ ಕೋಲು ಊರುವ ತನಕ ಸೀಟಿಯಿಲ್ಲ,
ಸೀಟಿಯಿಲ್ಲದೆ ಆಟವಿಲ್ಲ.

ಮೂರನೇ ಓಟಕ್ಕೆ ಎಪ್ಪತ್ತೆರಡು ನನ್ನಿಂದ ಎರಡು ಮಾರು ದೂರ.
ಹಲ್ಲಿನ ಕಾಪು ಬಾಯಿಂದ ಜೋಲುತ್ತಿದೆ.
ತನ್ನ ಬೆಂಚಿನ ಕಡೆ ಅವನು ನೋಡಲಿಲ್ಲ,
ನನ್ನ ಕೋಲನ್ನು ನೋಡಿದ,
ಅದು ಯಾವಾಗ ನೆಲ ಮುಟ್ಟುತ್ತದೆ ಎಂದಷ್ಟೇ.
ಹದಿನೇಳಿರಬಹುದು. ಮೂಗಿನ ತುದಿಯಲ್ಲೊಂದು ಹನಿ.

ಓಡಿದೆನೋ, ನಡೆದೆನೋ,
ಇವತ್ತಿಗೂ ಆಣೆಯಿಟ್ಟು ಹೇಳಲಾರೆ.
ಕೋಲು ಊರುವಷ್ಟರಲ್ಲಿ ಬದಲಿ ಹುಡುಗ ಒಳಗೆ,
ಎಪ್ಪತ್ತೆರಡು ಬೆಂಚಿನ ಮೇಲೆ, ತಲೆಯ ಮೇಲೆ ಟವೆಲ್ಲು.
ಮುಂದಿನ ಆಟದಲ್ಲಿ ಎಜ್ರಾನನ್ನು ಕೆಡವಿದ್ದು ಆ ಬದಲಿಯೇ.

ಸೋತೆವು. ಅದೇ ನಾಲ್ಕು ಅಂಕ.
ದೀಪಗಳು ಒಂದೊಂದಾಗಿ ಆರುತ್ತಿದ್ದವು, ನಾವು ಸರಪಳಿ ಸುತ್ತುತ್ತಿದ್ದೆವು.
ಕುಚೇರಾ ಬಂದು ನಿಂತ.
"ಹತ್ತು ಗಜಕ್ಕೆ ಎಷ್ಟು ಹೊತ್ತು ಬೇಕು, ಆರ್ವಿಲ್?"

"ಮಂಡಿ," ಅಂದೆ,
ಹಾರ್ಲನ್‌ನ ಕಡೆ ಗದ್ದ ತೋರಿಸಿ.

ಹಾರ್ಲನ್ ಏನೂ ಅನ್ನಲಿಲ್ಲ.
ಬಗ್ಗಿ ಮಂಡಿ ತಿಕ್ಕಿಕೊಂಡ,
ಆಪರೇಷನ್ ಆಗದ, ಆ ಇನ್ನೊಂದನ್ನು.