ಕೋಡಿಯ ಬಳಿ ಸಿಕ್ಕಿದ್ದು

ಪಿಳ್ಳಪ್ಪ ಮೊಸರಿನ ಬಕೆಟ್ಟಿನಲ್ಲಿ ತಂದ.
"ಜಿಲೇಬಿ ಜೊತೆ ಬಲೆಗೆ ಬಿತ್ತು ಅಮ್ಮಣ್ಣಿ,
ಆದ್ರೆ ಜಿಲೇಬಿ ಅಲ್ಲ. ಮೊಕ ನೋಡು,
ಬಡ್ಡಿ ವಸೂಲಿಗೆ ಬಂದೋನ ಥರ."

ಅಂಗೈಯಗಲ. ಬೂದಿಯ ಮೇಲೆ ಇದ್ದಿಲು ಗೀರಿದ ಹಾಗೆ ಪಟ್ಟೆ,
ಆರೋ ಏಳೋ; ಒಂದು ಮಾತ್ರ ಬೆನ್ನಿನ ಹತ್ತಿರ
ಕವೆಗೋಲಿನಂತೆ ಎರಡಾಗಿದೆ.
ಕೆಳತುಟಿ ನೀಲಿ, ಬಾಲ್‌ಪೆನ್ನು ಚೀಪಿದ ಹುಡುಗಿಯದು.

ಎಣಿಸುವುದು ನನ್ನ ಕಸುಬು.
ಡೂಮ್ ಲೈಟ್ ಸರ್ಕಲ್ಲಿನ ಹಿಂದೆ, ಔಷಧಿ ಅಂಗಡಿಯ ಮೇಲಿನ ಲ್ಯಾಬಿನಲ್ಲಿ
ಹದಿನಾರು ವರ್ಷ ಕೋಲಾರದ ರಕ್ತ ಎಣಿಸಿದ್ದೇನೆ,
ಡೆಂಗ್ಯೂ ತಿಂಗಳಲ್ಲಿ ಕಣ್ಣು ಮುಚ್ಚಿದರೂ ಚೌಕದೊಳಗೆ ಚುಕ್ಕೆ.
ಮೀನಿಗೂ ಒಂದು ನಮೂನೆ ತೆಗೆದೆ:
ಹೆಸರು, ಖಾಲಿ. ವಯಸ್ಸು, ಖಾಲಿ. ಲಿಂಗ, ಖಾಲಿ.
ಕಳಿಸಿದವರು: ಪಿಳ್ಳಪ್ಪ.

ಮೂಗಿಗೆ ಕಡೆಗೊಂದೇ ಹೊಳ್ಳೆ. ಬೇರೆ ಮೀನಿಗೆ ಎರಡೆರಡು;
ಒಂದೊಂದೇ ಇದ್ದರೆ ಸಿಕ್ಲಿಡ್ ಕುಲ, ಜಿಲೇಬಿಯ ದಾಯಾದಿ.
ಪಕ್ಕೆಯ ಗೆರೆ ನಡುವೆ ಕಡಿದು,
ಒಂದು ಮೆಟ್ಟಿಲು ಇಳಿದು ಮತ್ತೆ ಹೊರಟಿದೆ.
ಹೊಟ್ಟೆಯ ಹಿಂದಿನ ರೆಕ್ಕೆಯಲ್ಲಿ ಜಿಲೇಬಿಗೆ ಮೂರು ಮುಳ್ಳು.
ಇದಕ್ಕೆ ಎಂಟು.
ಒದ್ದೆ ಹತ್ತಿಯಲ್ಲಿ ಹಿಡಿದು ಇನ್ನೊಮ್ಮೆ ಎಣಿಸಿದೆ. ಎಂಟೇ.
ಊರಿಗೆಲ್ಲ ಸೂಜಿ ಚುಚ್ಚುವವಳ ಹೆಬ್ಬೆರಳಲ್ಲಿ ರಕ್ತ.

ಪುಸ್ತಕದಲ್ಲಿ ಏಳು ಪಟ್ಟೆಯವಕ್ಕೆ ನೀಲಿ ತುಟಿಯಿಲ್ಲ,
ನೀಲಿ ತುಟಿಯವಕ್ಕೆ ಕವೆಯಿಲ್ಲ.
ಇಷ್ಟು ಮುಳ್ಳಿನವು ಕಡಲಾಚೆಯ ಹೊಳೆಗಳವು;
ನರಸಾಪುರದ ಕೆರೆಗೆ ಹೇಗೆ ಬಂತು?
ಕೆರೆಗೆ ನೀರೇ ಹೇಗೆ ಬಂತು ಎಂದು ಕೇಳಿದ ಹಾಗಾಯಿತು.
ಬೆಂಗಳೂರು ಮಿಂದು, ತೊಳೆದು, ಸೋಸಿ ಕಳಿಸಿದ್ದು
ಪೈಪಿನಲ್ಲಿ ದಿಬ್ಬ ಹತ್ತಿ ನಮ್ಮಲ್ಲಿ ಇಳಿಯುತ್ತದೆ.
ತುಂಬಿದ ಕೆರೆ ಕಂಡು ಯಾರೋ
ಕೋಡಿಯ ಬಳಿ ಬೈಕು ನಿಲ್ಲಿಸಿ, ಮನೆ ಬದಲಿಸುವ ಮುನ್ನಾದಿನ,
ಗಾಜಿನ ತೊಟ್ಟಿ ಬಗ್ಗಿಸಿರಬಹುದು.
ಕಾಡಿನದು ಎನ್ನಲೇ? ಮನೆ ಬಿಟ್ಟದ್ದು ಎನ್ನಲೇ?
ನಮೂನೆಯಲ್ಲಿ ಅದಕ್ಕೊಂದು ಕಾಲಮ್ಮಿಲ್ಲ.

ಒಂದರಿಂದ ಏನೂ ತಿಳಿಯದು. ಇನ್ನೂ ತಾ ಎಂದೆ.
ಒಂದೂವರೆ ತಿಂಗಳಿಗೆ ಐದಾದವು.
ಗೌರಿಪೇಟೆಯ ಮನೆಯಲ್ಲಿ ಟಿ.ವಿ. ಕೆಳಗಿಳಿದು ಮೂರಡಿ ತೊಟ್ಟಿ ಮೇಲೇರಿತು.
"ಸೀರಿಯಲ್ಲಿಗಿಂತ ವಾಸಿ," ಅಂದರು ಅತ್ತೆ ಗಂಗುಲಮ್ಮ,
"ಇವು ಜಗಳ ಆಡಿದರೆ ನಿಜವಾಗಿ ಕಚ್ಚುತ್ತವೆ."
ಮೂರನೆಯದು ಸತ್ತಿತು.
ಒಂದು ಕಣ್ಣು ಹೋದ ನಾಲ್ಕನೆಯದು ಬಚ್ಚಲ ಡ್ರಮ್ಮಿನಲ್ಲಿ ಒಂಟಿ ಪಾಳೇಗಾರ.
ಮೊದಲನೆಯದು ಫಿಲ್ಟರಿನ ಹಿಂದೆ, ಕಾಣುವುದು ಬಾಲ ಮಾತ್ರ.
ಎರಡು ಮತ್ತು ಐದು
ಬಾಯಿಗೆ ಬಾಯಿ ಕಚ್ಚಿ ಎಳೆದಾಡಿ, ಬಿಟ್ಟು,
ಆಮೇಲೆ ಪಕ್ಕಪಕ್ಕ ನಿಂತವು. ಅಷ್ಟೇ ಮದುವೆ.

ಅಡುಗೆ ಕಟ್ಟೆಗೆ ಹಾಕಿ ಉಳಿದ ಕಡಪ ಕಲ್ಲಿನ ಚೂರು
ಓರೆಯಾಗಿ ಇಟ್ಟಿದ್ದೆ. ಎರಡು ದಿನ ಬಾಯಲ್ಲೇ ಉಜ್ಜಿದವು.
ಮೊಟ್ಟೆ, ಸಾಲು ಸಾಲು, ರಾಗಿ ಕಾಳಿನಷ್ಟು.
ಲಿಂಗದ ಕಾಲಮ್ಮು ತುಂಬಿತು: ಐದನೆಯದು ಹೆಣ್ಣು.
ಆ ರಾತ್ರಿ ಕರೆಂಟು ಹೋಗಿ, ಗಾಳಿಗುಳ್ಳೆ ನಿಂತು,
ಬೆಳಿಗ್ಗೆ ಕಲ್ಲು ಬರಿದು. ತಿಂದವರು ತಾವೇ.
ಎರಡನೆಯ ಸಲ ಫ್ಯಾನಿನ ಇನ್ವರ್ಟರು ತೊಟ್ಟಿಗೆ ಕೊಟ್ಟೆ.
ಏಪ್ರಿಲ್ಲಿನ ಸೆಖೆ; ಹೇಗೂ ಎಲ್ಲರೂ ಎದ್ದೇ ಇದ್ದೆವು.

ಎರಡನೆಯ ದಿನ ಮೊಟ್ಟೆಯೊಳಗೆ ಕಣ್ಣು.
ಐದಕ್ಕೆ ಮರಳಿನ ಗುಳಿಯಲ್ಲಿ ಬಾಲಗಳ ನಡುಕ.
ಒಂಬತ್ತಕ್ಕೆ ಎದ್ದವು, ಒಂದೇ ಹೊಗೆಯ ಹಾಗೆ;
ಐದನೆಯದು ತಲೆ ಒದರಿತು,
ಹೊಗೆ ಕೆಳಗೆ ಕೂತಿತು.

"ಕೆರೆಗೇ ಬಿಡಾಣ ಬಾ," ಅಂದ ಪಿಳ್ಳಪ್ಪ, "ಮುಂದಿನ್ವರ್ಷ ಕೇಜಿ ಲೆಕ್ಕ."
ಬೇಡ ಎಂದೆ. ಜಿಲೇಬಿ ಬಂದ ಮೇಲೆ ಪಕ್ಕೆ ಮೀನು ಎಲ್ಲಿ ಹೋಯಿತು, ಹೇಳು.
ಅವನು ತೊಟ್ಟಿಯನ್ನೇ ನೋಡುತ್ತ ನಿಂತ.
"ಸಾರಿಗೆ ಅದೇ ಸೈ," ಅಂದ, ತುಂಬ ಹೊತ್ತಿನ ಮೇಲೆ.

ಗಾಜಿಗೆ ಚೀಟಿ ಅಂಟಿಸಿದ್ದೇನೆ.
ಹೆಸರಿನ ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ:
ನರಸಾಪುರ, ಕೋಡಿಯ ಬಳಿ.
ಸಿಕ್ಕ ಜಾಗ. ಹುಟ್ಟಿದ್ದು ಅಂತಲ್ಲ.
ಮರಿಗಳಿಗೆ ಮಾತ್ರ ಖಚಿತ, ಗೌರಿಪೇಟೆ, ಎರಡನೇ ಅಡ್ಡರಸ್ತೆ.
ಇನ್ನೂರು ಇವೆ ಅನ್ನುತ್ತಾರೆ ಗಂಗುಲಮ್ಮ.
ನನಗೆ ಪ್ರತಿ ಸಲ ನೂರಾ ಎಂಬತ್ತರ ಹತ್ತಿರ
ಲೆಕ್ಕ ಕಲೆಸಿಹೋಗುತ್ತದೆ.