ಎಡಗಡೆಯ ಮೂಗುತಿ

ಘಂಟಿಕೇರಿಯ ಮನೆಯ ಅಟ್ಟದಿಂದ ತೊಟ್ಟಿಲು ಇಳಿಸಿದಾಗ
ಮೊದಲು ಉದುರಿದ್ದು ಇಲಿಹಿಕ್ಕೆ, ಆಮೇಲೆ ಗೆಜ್ಜೆಯ ಒಂದು ಮಣಿ.
ಪಟ್ಟಿಯ ಮೇಲೆ ಅರಗಿನ ಅಕ್ಷರ:
‘ಮಾನಪ್ಪ ಚಿತ್ರಗಾರ ಬರೆದದ್ದು.’

ಕೃಷ್ಣ, ಆಕಳು, ಏಳು ಗಿಳಿ. ಎಲ್ಲೂ ನಡುಗದ ಗೆರೆ, ಮುತ್ತಜ್ಜನದೇ.
ಆದರೆ ಒಳಮಗ್ಗುಲ ಹಲಗೆಯಲ್ಲಿ,
ಮಲಗಿದ ಕೂಸಿಗೆ ಮಾತ್ರ ಕಾಣುವಲ್ಲಿ
ಒಬ್ಬ ಹೆಂಗಸು.

‘ಯಶೋದಾ’ ಅಂದರು ಅತ್ತಿ. ‘ಗೌರವ್ವ’ ಅಂದ ಮಾಮಾ.
ಯಶೋದೆಗೆ ಹುಬ್ಬಿನ ಮೇಲೆ ಸಿಡುಬಿನ ಕುಳಿ ಇರತದೇನು?
ಗೌರವ್ವನ ಉಗುರಿನ್ಯಾಗ
ಇಂಗಳೀಕದ ಕೆಂಪು ಕೂತಿರತದೇನು?

ಫಕೀರವ್ವ, ಮಾನಪ್ಪನ ಹೆಂಡತಿ.
ಹುಣಸೆಬೀಜದ ಅಂಟು ಕುದಿಸಿ, ಬಣ್ಣ ಅರೆದು,
ಅವನು ಬಿಟ್ಟ ಖಾಲಿ ಜಾಗ ತುಂಬಿದಾಕೆ.
ಫೋಟೋ ಇಲ್ಲ. ಮನೆಯಲ್ಲಿ ಉಳಿದದ್ದು ಒಂದೇ ಮಾತು:
ಬಲಗಡೆ ಮೂಗು ಚುಚ್ಚಿಸಿಕೊಂಡಿದ್ದಳಂತೆ, ಹಟಕ್ಕೆ ಬಿದ್ದು.

ಹಲಗೆಯ ಹೆಂಗಸಿನ ಮೂಗುತಿ ಎಡಕ್ಕಿದೆ.
‘ನೋಡು, ಆಕಿ ಅಲ್ಲ’ ಅಂದರು ಎಲ್ಲರೂ.
ಚಹಾ ಬಂತು.

ಲೋಟ ಹಿಡಿದೇ ಬಚ್ಚಲಿಗೆ ಹೋದೆ.
ಅಲ್ಲಿ ಮೊಳೆಗೆ ತೂಗುಹಾಕಿದ ಅಂಗೈಯಗಲದ ಕನ್ನಡಿ.
ಬಲಮೂಗಿನ ಮೇಲೆ ಬೆರಳಿಟ್ಟೆ.
ಒಳಗಿದ್ದವಳು ಎಡಕ್ಕೆ ಇಟ್ಟಳು.

ಗಂಡ ನೋಡಿ ಬರೆದಿದ್ದರೆ
ಮೂಗುತಿ ಸರಿಯಾದ ಕಡೆಗೇ ಇರುತ್ತಿತ್ತು.

ಮಂಗಳವಾರ ಹೆಸರಿಡುವುದು.
ಅತ್ತಿ ತೊಟ್ಟಿಲು ಒರೆಸುತ್ತ ಕೇಳಿದರು:
‘ಒಳಗಿನ ಹಲಗಿ ಭಾಳ ಮಾಸೇದ,
ಒಂದು ಕೈ ಪೇಂಟ್ ಹೊಡಸೂಣೇನು?’

ಬ್ಯಾಡ, ಅಂದೆ.
ಆಕಿ ಇನ್ನೂ ನೋಡಿಕೊಳ್ಳಾಕತ್ತಾಳ.